ಅಮೆರಿಕದ ಬಾತು ಬೇಟೆ, ದಾರಿ ಬದಲಿಸಿದ ಬಾತುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಚಳಿಗಾಲ ಬಂತೆಂದರೆ ಅಮೆರಿಕದಲ್ಲಿರುವ ಕನ್ನಡದ ಗೆಳೆಯರು ಈ ಪ್ರಶ್ನೆಗಳನ್ನು ಕೇಳುತ್ತಾರೆ. ಊರಿನಲ್ಲಿ ಕೆರೆಹಕ್ಕಿ ನೋಡುವವರೂ ಕೇಳುತ್ತಾರೆ. ಹೆಚ್ಚಿನ ಉತ್ತರಗಳು ಮಿಸಿಸಿಪ್ಪಿ ನದಿಯ ಬಯಲಿಗೆ ಸೇರಿದ್ದು, ಯಾಕೆಂದರೆ ಬಾತು ಬೇಟೆಯ ಹುಚ್ಚು ಅಲ್ಲಿ ಜಾಸ್ತಿ. ಕರ್ನಾಟಕದ ಮಾತು ಕೊನೆಯ ಕಡೆಗಿದೆ. ನಾನು ಬೇಟೆಗಾರನಲ್ಲ, ಬರೀ ದುರ್ಬೀನು ಹಿಡಿಯುವವನು. ಉತ್ತರಗಳನ್ನು ಓದುವಾಗ ಅದು ನೆನಪಿರಲಿ.

ಬಾತು ಬೇಟೆ ನಿಜವಾಗಿಯೂ ಕಡಿಮೆಯಾಗಿದೆಯಾ? ಸುಮ್ನೆ ಹೇಳುವ ಮಾತಾ?

ನಿಜವಾಗಿಯೂ ಕಡಿಮೆಯಾಗಿದೆ. ಅಮೆರಿಕದಲ್ಲಿ 16 ವರ್ಷ ತುಂಬಿದ ಯಾರೇ ಬಾತು ಹೊಡೆಯಬೇಕಾದರೂ ಕೇಂದ್ರ ಸರ್ಕಾರದ ‘ಡಕ್ ಸ್ಟ್ಯಾಂಪ್’ ಎಂಬ ಚೀಟಿ ಕೊಳ್ಳಲೇಬೇಕು. ಹಾಗಾಗಿ ಲೆಕ್ಕ ಸುಲಭ. 1970ರ ದಶಕದ ಶುರುವಿನಲ್ಲಿ ವರ್ಷಕ್ಕೆ ಸುಮಾರು 24 ಲಕ್ಷ ಸ್ಟ್ಯಾಂಪ್ ಮಾರಾಟವಾಗುತ್ತಿದ್ದವು. ಈಗ 15 ಲಕ್ಷದ ಆಸುಪಾಸು. ಅದರಲ್ಲೂ ಅಂಚೆಚೀಟಿ ಸಂಗ್ರಹಿಸುವವರು, ನನ್ನಂಥ ಹಕ್ಕಿ ನೋಡುವವರು ಸೇರಿದ್ದಾರೆ. ನಿಜಕ್ಕೂ ಕೋವಿ ಹಿಡಿದು ನೀರಿಗಿಳಿಯುವವರು ಸುಮಾರು 10 ಲಕ್ಷ ಅಷ್ಟೇ.

ಇದೇ ಅವಧಿಯಲ್ಲಿ ದೇಶದ ಜನಸಂಖ್ಯೆ 20 ಕೋಟಿಯಿಂದ 33 ಕೋಟಿ ದಾಟಿತು ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ. ಆಗ ಕುಟುಂಬದಲ್ಲೋ ಬೀದಿಯಲ್ಲೋ ಒಬ್ಬ ಬಾತು ಬೇಟೆಗಾರ ಸಿಗುತ್ತಿದ್ದ. ಈಗ ಎಷ್ಟೋ ಅಮೆರಿಕನ್ನರಿಗೆ ಅಂಥ ಒಬ್ಬರ ಪರಿಚಯವೂ ಇಲ್ಲ.

ಯಾಕೆ ಬಿಟ್ಟರು? ಪ್ರಾಣಿದಯೆ ಜಾಸ್ತಿಯಾಯಿತಾ?

ಅದಕ್ಕಿಂತ ದೊಡ್ಡ ಕಾರಣ ಜಾಗ ಮತ್ತು ಪುರುಸೊತ್ತು. ಬಾತು ಬೇಟೆ ಅಂದರೆ ಬೆಳಗಿನ ಜಾವ ಎದ್ದು, ಕೊರೆಯುವ ಚಳಿಯಲ್ಲಿ ಸೊಂಟದ ಮಟ್ಟ ನೀರಲ್ಲಿ ನಿಂತು ಕಾಯುವ ಕೆಲಸ. ದೋಣಿ ಬೇಕು, ಎದೆಯವರೆಗೆ ಬರುವ ರಬ್ಬರ್ ದಿರಿಸು ಬೇಕು, ಹಾರುವ ಬಾತುಗಳನ್ನು ಸೆಳೆಯಲು ನೀರಲ್ಲಿ ತೇಲಿಬಿಡುವ ಹತ್ತಾರು ಪ್ಲಾಸ್ಟಿಕ್ ಬಾತುಗಳು (ಡಿಕಾಯ್) ಬೇಕು, ಹೊಡೆದ ಹಕ್ಕಿಯನ್ನು ತರಲು ಪಳಗಿದ ನಾಯಿಯೂ ಇದ್ದರೆ ಒಳ್ಳೆಯದು. ಮೊದಲು ಪಕ್ಕದ ರೈತನ ಹೊಲಕ್ಕೆ ‘ಹೋಗಲಾ ಅಣ್ಣ’ ಎಂದು ಕೇಳಿ ಹೋಗುವ ರೂಢಿಯಿತ್ತು. ಈಗ ಒಳ್ಳೆಯ ಜಾಗಗಳನ್ನೆಲ್ಲ ಕ್ಲಬ್ಬುಗಳು ವರ್ಷದ ಗುತ್ತಿಗೆಗೆ ಹಿಡಿದಿವೆ. ಸರ್ಕಾರಿ ಜಾಗಕ್ಕೆ ಹೋದರೆ ನೂಕುನುಗ್ಗಲು.

ಇನ್ನೊಂದು ಕಾರಣ ವಯಸ್ಸು. ಎರಡನೇ ಮಹಾಯುದ್ಧದ ನಂತರ ಹುಟ್ಟಿದ ಪೀಳಿಗೆಯೇ ಬೇಟೆಯ ಬೆನ್ನೆಲುಬಾಗಿತ್ತು. ಅವರ ಮೊಣಕಾಲು ಈಗ ಕೇಳುತ್ತಿಲ್ಲ. ಮಕ್ಕಳು ಪಟ್ಟಣ ಸೇರಿದ್ದಾರೆ. ಬೇಟೆ ಅಪ್ಪನಿಂದಲೋ ಮಾವನಿಂದಲೋ ಕಲಿಯುವ ವಿದ್ಯೆ. ಒಂದು ಪೀಳಿಗೆ ಬಿಟ್ಟರೆ ಮುಂದಿನದಕ್ಕೆ ಹೇಳಿಕೊಡುವವರೇ ಇರುವುದಿಲ್ಲ.

ಬೇಟೆಗಾರರು ಕಡಿಮೆಯಾದರೆ ಬಾತುಗಳಿಗೆ ಒಳ್ಳೆಯದೇ ಅಲ್ವಾ?

ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ನನ್ನ ಉತ್ತರ: ಅಲ್ಲ, ಈಗಿನ ವ್ಯವಸ್ಥೆಯಲ್ಲಂತೂ ಅಲ್ಲ.

ಮೊದಲು ಹಳೆಯ ಕಥೆ. 19ನೇ ಶತಮಾನದಲ್ಲಿ ಬೇಟೆ ನಿಜಕ್ಕೂ ಬಾತುಗಳ ವಂಶ ತೆಗೆಯುವ ಹಂತಕ್ಕೆ ಬಂದಿತ್ತು. ಹೋಟೆಲುಗಳಿಗೆ ಮಾಂಸ ಮಾರಲೆಂದೇ ಬೇಟೆಯಾಡುವವರಿದ್ದರು. ದೋಣಿಗೆ ಕಟ್ಟಿದ ದೈತ್ಯ ಕೋವಿಯ ಒಂದೇ ಈಡಿಗೆ ಹತ್ತಾರು ಬಾತು ಉರುಳುತ್ತಿದ್ದವು. 1900ರ ಲೇಸಿ ಕಾಯ್ದೆ ಕದ್ದು ಹೊಡೆದ ಮಾಂಸವನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು ತಡೆಯಿತು. 1918ರ ವಲಸೆ ಹಕ್ಕಿ ಒಪ್ಪಂದದ ಕಾಯ್ದೆ ಮಾರಾಟದ ಬೇಟೆಯನ್ನೇ ಮುಗಿಸಿತು. ಆಮೇಲೆ ಉಳಿದದ್ದು ಸೀಸನ್ ಇರುವ, ದಿನಕ್ಕೆ ಇಷ್ಟೇ ಎಂಬ ಮಿತಿಯಿರುವ ಹವ್ಯಾಸದ ಬೇಟೆ. ಮಿಸಿಸಿಪ್ಪಿ ಬಯಲಿನಲ್ಲಿ ಈಗ 60 ದಿನದ ಸೀಸನ್, ಒಬ್ಬರಿಗೆ ದಿನಕ್ಕೆ ಆರು ಬಾತು.

ಇಷ್ಟು ಬೇಟೆಯಿಂದ ಬಾತುಗಳ ಸಂಖ್ಯೆ ಕುಸಿಯುವುದಿಲ್ಲ. ಕುಸಿಯುವುದು ಜೌಗು ಒಣಗಿದಾಗ, ಹುಲ್ಲುಗಾವಲನ್ನು ಉತ್ತಾಗ. ಆ ಜೌಗನ್ನು ಕೊಂಡು ಉಳಿಸುವ ದುಡ್ಡಿನ ದೊಡ್ಡ ಪಾಲು ಬೇಟೆಗಾರರ ಜೇಬಿನಿಂದಲೇ ಬರುತ್ತದೆ. ಸ್ಟ್ಯಾಂಪಿನ ದುಡ್ಡು ಒಂದು ದಾರಿ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಉದ್ದ ಕೋವಿ ಮತ್ತು ತೋಟೆಗಳ ಮೇಲೆ 11% ತೆರಿಗೆ ಇದೆ. ಅದು ರಾಜ್ಯಗಳ ವನ್ಯಜೀವಿ ಇಲಾಖೆಗೆ ಹೋಗುತ್ತದೆ. ಅದೇ ವರ್ಷ ಬೇಟೆಗಾರರೇ ಕಟ್ಟಿದ ‘ಡಕ್ಸ್ ಅನ್‌ಲಿಮಿಟೆಡ್’ ಸಂಸ್ಥೆ ಕೆನಡಾದಿಂದ ಮೆಕ್ಸಿಕೋವರೆಗೆ ಜೌಗು ಉಳಿಸುವ ಕೆಲಸ ಮಾಡುತ್ತದೆ.

ಇದರ ಫಲ ಲೆಕ್ಕದಲ್ಲೇ ಕಂಡಿದೆ. 1970ರಿಂದ ಈಚೆಗೆ ಉತ್ತರ ಅಮೆರಿಕ ಸುಮಾರು 290 ಕೋಟಿ ಹಕ್ಕಿಗಳನ್ನು ಕಳೆದುಕೊಂಡಿದೆ ಎಂದು 2019ರಲ್ಲಿ ಒಂದು ದೊಡ್ಡ ಅಧ್ಯಯನ ಹೇಳಿತು. ಗುಬ್ಬಿ ಜಾತಿಯವು, ಹುಲ್ಲುಗಾವಲಿನವು, ಕಡಲ ದಂಡೆಯವು, ಎಲ್ಲವೂ ಕುಸಿದಿವೆ. ಏರಿದ ಕೆಲವೇ ಗುಂಪುಗಳಲ್ಲಿ ಬಾತು-ಹೆಬ್ಬಾತುಗಳ ಗುಂಪು ಒಂದು. ಅದು 56% ಏರಿತ್ತು. ಆ ಏರಿಕೆಯಲ್ಲಿ ಹೆಬ್ಬಾತುಗಳ ಪಾಲು ದೊಡ್ಡದು, ನಿಜ. ಆದರೂ ಯಾರೂ ಹೊಡೆಯದ ಹುಲ್ಲುಗಾವಲಿನ ಪುಟ್ಟ ಹಕ್ಕಿ ಸೋತಿತು, ಜನ ಹೊಡೆಯುವ ಹಕ್ಕಿ ಗೆದ್ದಿತು. ನನಗೆ ಇದು ಅಷ್ಟು ಹಿತವಾದ ಸತ್ಯವಲ್ಲ, ಆದರೂ ಸತ್ಯ.

ಈ ಡಕ್ ಸ್ಟ್ಯಾಂಪ್ ಏನು? ಬೇಟೆಯಾಡದವರೂ ಕೊಳ್ಳಬಹುದಾ?

ಕೊಳ್ಳಬಹುದು, ಕೊಳ್ಳಬೇಕು ಅನ್ನುವುದು ನನ್ನ ಮತ.

1934ರಲ್ಲಿ ಶುರುವಾಯಿತು. ಬರಗಾಲ ಮತ್ತು ಧೂಳಿನ ಬಿರುಗಾಳಿಯ ಕಾಲ ಅದು, ಬಾತುಗಳ ಸ್ಥಿತಿ ಚಿಂತಾಜನಕವಾಗಿತ್ತು. ಮೊದಲ ಸ್ಟ್ಯಾಂಪಿನ ಚಿತ್ರ ಬರೆದದ್ದು ‘ಡಿಂಗ್’ ಡಾರ್ಲಿಂಗ್ ಎಂಬ ಪತ್ರಿಕಾ ವ್ಯಂಗ್ಯಚಿತ್ರಕಾರ. ಆಗ ವನ್ಯಜೀವಿಗಳನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆಗೆ ಆತನೇ ಮುಖ್ಯಸ್ಥ! ಆಗಿನ ಬೆಲೆ ಒಂದು ಡಾಲರ್, ಈಗ 25 ಡಾಲರ್. ಪ್ರತಿ ಡಾಲರಿನಲ್ಲಿ 98 ಸೆಂಟ್ ಜೌಗು ಜಾಗ ಕೊಳ್ಳಲು, ಉಳಿಸಲು ಹೋಗುತ್ತದೆ. ಸರ್ಕಾರಿ ಯೋಜನೆಯೊಂದರಲ್ಲಿ ಇಷ್ಟು ಕಡಿಮೆ ಸೋರಿಕೆ ಅಂದರೆ ನಂಬಲು ಕಷ್ಟ, ಅಲ್ವಾ? ಇದುವರೆಗೆ 60 ಲಕ್ಷ ಎಕರೆಗೂ ಹೆಚ್ಚು ಜಾಗ ಹೀಗೆ ಉಳಿದಿದೆ.

ಕೈಯಲ್ಲಿ ಸ್ಟ್ಯಾಂಪ್ ಇದ್ದರೆ ಪ್ರವೇಶ ಶುಲ್ಕವಿರುವ ಯಾವ ರಾಷ್ಟ್ರೀಯ ವನ್ಯಜೀವಿ ರೆಫ್ಯೂಜ್‌ಗೂ (ಅಭಯಧಾಮಕ್ಕೂ) ಪುಕ್ಕಟೆ ಹೋಗಬಹುದು. ಅಂಚೆ ಕಚೇರಿಯಲ್ಲೋ ಆನ್‌ಲೈನ್‌ನಲ್ಲೋ ಸಿಗುತ್ತದೆ.

ಈಗ ಬಾತುಗಳು ಎಷ್ಟಿವೆ?

1955ರಿಂದ ಪ್ರತಿ ಬೇಸಿಗೆಯ ಶುರುವಿನಲ್ಲಿ ಅಮೆರಿಕ ಮತ್ತು ಕೆನಡಾದವರು ಚಿಕ್ಕ ವಿಮಾನಗಳಲ್ಲಿ ತಗ್ಗಿನಲ್ಲಿ ಹಾರಿ, ಗೊತ್ತು ಮಾಡಿದ ಪ್ರದೇಶದಲ್ಲಿ ಎಣಿಸುತ್ತಾರೆ. ಕೋವಿಡ್‌ನಿಂದ 2020 ಮತ್ತು 2021ರಲ್ಲಿ ಮಾತ್ರ ಆಗಲಿಲ್ಲ. 2015ರಲ್ಲಿ 4.95 ಕೋಟಿ ಬಾತು, ಅದೇ ದಾಖಲೆ. 2023ರಲ್ಲಿ 3.23 ಕೋಟಿಗೆ ಇಳಿಯಿತು. 2024ರಲ್ಲಿ ಸುಮಾರು 3.4 ಕೋಟಿ.

ಬೇಟೆಗಾರರಿಗೆ ಅಚ್ಚುಮೆಚ್ಚು ಮ್ಯಾಲರ್ಡ್. ಗಂಡಿನ ತಲೆ ಮಿರಮಿರ ಹಸಿರು. ಅದು 2016ರಲ್ಲಿ 1.18 ಕೋಟಿ ಇತ್ತು, 2023ರಲ್ಲಿ 61 ಲಕ್ಷ.

ಕಾರಣ ಬರ. ಡಕೋಟಾ ರಾಜ್ಯಗಳಿಂದ ಕೆನಡಾದ ಸಸ್ಕಾಚೆವಾನ್, ಆಲ್ಬರ್ಟಾವರೆಗೆ ಹಬ್ಬಿದ ಹುಲ್ಲುಗಾವಲಿನಲ್ಲಿ ಲಕ್ಷಾಂತರ ಸಣ್ಣ ಹೊಂಡಗಳಿವೆ. ಹಿಮಯುಗದ ಹಿಮನದಿಗಳು ಬಿಟ್ಟುಹೋದ ಗುಂಡಿಗಳು ಅವು. ಉತ್ತರ ಅಮೆರಿಕದ ಅರ್ಧಕ್ಕಿಂತ ಹೆಚ್ಚು ಬಾತುಗಳು ಮರಿ ಮಾಡುವುದು ಅಲ್ಲೇ. ಹಿಮ ಕರಗಿ ಹೊಂಡ ತುಂಬಿದ ವರ್ಷ ಬಾತುಗಳ ಸುಗ್ಗಿ, ಒಣಗಿದ ವರ್ಷ ಇಲ್ಲ. ಬರ ಬಂದು ಹೋಗುವಂಥದ್ದು. ಆದರೆ ಕಾಲುವೆ ತೋಡಿ ಬರಿದು ಮಾಡಿದ ಹೊಂಡ ಮತ್ತೆ ತುಂಬುವುದಿಲ್ಲ. ಅಯೋವಾ ರಾಜ್ಯದಲ್ಲಿ ಇಂಥ ಹೊಂಡಗಳು ಹೆಚ್ಚುಕಡಿಮೆ ಪೂರ್ತಿ ಹೋಗಿವೆ. ಹೊಲವನ್ನು ಹುಲ್ಲಿಗೆ ಬಿಟ್ಟ ರೈತರಿಗೆ ಸರ್ಕಾರ ದುಡ್ಡು ಕೊಡುವ ಯೋಜನೆಯೊಂದು 1985ರಿಂದ ಇದೆ. 2007ರಲ್ಲಿ ಅದರಡಿ 3.6 ಕೋಟಿ ಎಕರೆಗೂ ಹೆಚ್ಚು ಹುಲ್ಲಿತ್ತು. ಆಮೇಲೆ ಮೆಕ್ಕೆಜೋಳ, ಸೋಯಾಕ್ಕೆ ಬೆಲೆ ಬಂತು. ಕೋಟಿಗೂ ಹೆಚ್ಚು ಎಕರೆ ಮತ್ತೆ ನೇಗಿಲಿನ ಕೆಳಗೆ ಹೋಯಿತು.

ಬಾತುಗಳು ದಕ್ಷಿಣಕ್ಕೆ ಬರುವುದನ್ನೇ ನಿಲ್ಲಿಸಿವೆಯಾ?

ದಕ್ಷಿಣದ ಲೂಸಿಯಾನಾ ರಾಜ್ಯದ ಬೇಟೆಗಾರರನ್ನು ಕೇಳಿದರೆ ಹೌದು ಅನ್ನುತ್ತಾರೆ. ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ.

ಬಾತುಗಳಲ್ಲಿ ಎರಡು ತರದವು. ನೀಲಿ ರೆಕ್ಕೆಯ ಟೀಲ್ ಎಂಬ ಚಿಕ್ಕ ಬಾತು ಹಗಲು ಗಿಡ್ಡವಾಗುವುದನ್ನು ನೋಡಿ ಹೊರಡುತ್ತದೆ. ಚಳಿ ಬರಲಿ ಬಿಡಲಿ, ಆಗಸ್ಟ್-ಸೆಪ್ಟೆಂಬರಿಗೇ ಗಂಟುಮೂಟೆ ಕಟ್ಟಿ ದಕ್ಷಿಣ ಅಮೆರಿಕದವರೆಗೂ ಹೋಗುತ್ತದೆ. ಮ್ಯಾಲರ್ಡ್ ಹಾಗಲ್ಲ, ಅದು ಗಟ್ಟಿಪಿಂಡ. ನೀರು ಹೆಪ್ಪುಗಟ್ಟಬೇಕು, ಕಾಳಿನ ಮೇಲೆ ಹಿಮ ಕೂರಬೇಕು, ಅಲ್ಲಿಯವರೆಗೂ ಜಾಗ ಬಿಡುವುದಿಲ್ಲ. ತಿನ್ನಲು ಸಿಗುತ್ತಿದ್ದರೆ ಕೊರೆಯುವ ಚಳಿಯನ್ನೂ ತಡೆದುಕೊಳ್ಳುತ್ತದೆ. ಹಾರಾಟ ಅಂದರೆ ಮೈಯ ಕೊಬ್ಬು ಕರಗಿಸುವ ಕೆಲಸ, ಸುಮ್ನೆ ಯಾಕೆ ಹಾರಬೇಕು?

ಈಗ ಉತ್ತರದ ಚಳಿಗಾಲ ಮೊದಲಿನಷ್ಟು ಬಿಗಿಯಾಗಿಲ್ಲ. ಹೊಂಡಗಳು ತಡವಾಗಿ ಹೆಪ್ಪುಗಟ್ಟುತ್ತವೆ. ಕೆಲವು ವಿದ್ಯುತ್ ಸ್ಥಾವರಗಳ ಬಿಸಿನೀರಿನ ಕೆರೆಗಳು ಹೆಪ್ಪುಗಟ್ಟುವುದೇ ಇಲ್ಲ. ಕಟಾವು ಯಂತ್ರ ಉದುರಿಸಿದ ಮೆಕ್ಕೆಜೋಳ ಮೈಲಿಗಟ್ಟಲೆ ಬಿದ್ದಿರುತ್ತದೆ. ಹೀಗಾಗಿ ಡಿಸೆಂಬರಿನಲ್ಲಿ ಅರ್ಕಾನ್ಸಾಸಿಗೆ ಬರಬೇಕಾದ ಹಿಂಡು ಮಿಸೌರಿಯಲ್ಲೋ ಇನ್ನೂ ಮೇಲೋ ಕಾಲ ಕಳೆಯುತ್ತದೆ. ಜನವರಿಯಲ್ಲಿ ಒಂದು ದೊಡ್ಡ ಶೀತಗಾಳಿ ಬೀಸಿತೆಂದರೆ ರಾತ್ರೋರಾತ್ರಿ ಇಳಿಯುತ್ತದೆ.

ಇದಕ್ಕೆ ದಕ್ಷಿಣದ ಬದಿಯ ಕಾರಣವೂ ಇದೆ. ಅದನ್ನು ಅಲ್ಲಿಯವರು ಕಡಿಮೆ ಮಾತಾಡುತ್ತಾರೆ. ಅಮೆರಿಕದ ಭತ್ತದಲ್ಲಿ ಹೆಚ್ಚುಕಡಿಮೆ ಅರ್ಧ ಬೆಳೆಯುವುದು ಅರ್ಕಾನ್ಸಾಸ್. ಅಲ್ಲಿನ ಸ್ಟಟ್‌ಗಾರ್ಟ್ ಪಟ್ಟಣ ತನ್ನನ್ನು ಭತ್ತ ಮತ್ತು ಬಾತುಗಳ ಜಾಗತಿಕ ರಾಜಧಾನಿ ಎಂದೇ ಕರೆದುಕೊಳ್ಳುತ್ತದೆ. 1936ರಿಂದ ಬಾತಿನ ಕೂಗು ಕೂಗುವ ವಿಶ್ವ ಚಾಂಪಿಯನ್‌ಶಿಪ್ ನಡೆಯುವುದೂ ಅಲ್ಲೇ. ಮೊದಲು ಗದ್ದೆ ಕೊಯ್ಲು ತಡವಾಗುತ್ತಿತ್ತು, ಉದುರಿದ ಕಾಳು ಬಾತುಗಳು ಬರುವ ಹೊತ್ತಿಗೆ ಸಿಗುತ್ತಿತ್ತು. ಈಗ ಬೇಗ ಬಲಿಯುವ ತಳಿಗಳು. ಆಗಸ್ಟ್-ಸೆಪ್ಟೆಂಬರಿಗೇ ಕಟಾವು. ನವೆಂಬರ್ ಬರುವಷ್ಟರಲ್ಲಿ ಕಾಳು ಮೊಳೆತು, ಕೊಳೆತು, ಇಲಿಗಳ ಪಾಲಾಗಿರುತ್ತದೆ. ಚಳಿಗಾಲದಲ್ಲಿ ನೀರು ನಿಲ್ಲುವ ಓಕ್ ಕಾಡುಗಳಲ್ಲಿ ಬಾತುಗಳು ಓಕ್ ಕಾಯಿ ತಿನ್ನುತ್ತಿದ್ದವು. ಬೇಟೆಗಾಗಿ ಅಲ್ಲಿ ಬೇಗ ನೀರು ಕಟ್ಟಿ, ತಡವಾಗಿ ಬಿಟ್ಟು, ದಶಕಗಳ ಕಾಲ ಹಾಗೇ ಮಾಡಿದ್ದರಿಂದ ಮರಗಳೇ ಸಾಯುತ್ತಿವೆ. ಅರ್ಕಾನ್ಸಾಸ್ ಸರ್ಕಾರ ಈಗ ಕೆಲವು ಕಡೆ ನೀರು ಕಟ್ಟುವುದನ್ನು ತಡಮಾಡುತ್ತಿದೆ, ಬೇಟೆಗಾರರ ಬೈಗುಳವನ್ನೂ ತಿನ್ನುತ್ತಿದೆ. ಇನ್ನು ಲೂಸಿಯಾನಾ ಕರಾವಳಿ 1930ರ ದಶಕದಿಂದ ಈಚೆಗೆ ಸುಮಾರು 2,000 ಚದರ ಮೈಲಿ ನೆಲವನ್ನು ಸಮುದ್ರಕ್ಕೆ ಕಳೆದುಕೊಂಡಿದೆ. ಇಳಿಯಲು ಜೌಗೇ ಇಲ್ಲದ ಕಡೆ ಬಾತು ಯಾಕೆ ಬಂದೀತು?

ಇನ್ನೂ ಒಂದಿದೆ. ಬಾತುಗಳು ಇದ್ದರೂ ಕಣ್ಣಿಗೆ ಬೀಳದಿರಬಹುದು. ಜಿಪಿಎಸ್ ಕಟ್ಟಿ ನೋಡಿದಾಗ ಗೊತ್ತಾಗಿದೆ: ಹಗಲೆಲ್ಲ ಕೋವಿ ಸದ್ದಿಲ್ಲದ ರೆಫ್ಯೂಜಿನ ನಡುವೆ ಕೂತು, ಕತ್ತಲಾದ ಮೇಲೆ ಗದ್ದೆಗೆ ಮೇಯಲು ಹೋಗುತ್ತವೆ. ‘ಬಾತೇ ಬಂದಿಲ್ಲ’ ಎಂದು ಬೇಟೆಗಾರ ಗೊಣಗುತ್ತಿರುವಾಗ ಅವು ಎರಡು ಮೈಲಿ ಆಚೆ ನಿದ್ದೆ ಹೊಡೆಯುತ್ತಿರುತ್ತವೆ.

ಉತ್ತರದವರು ಮೆಕ್ಕೆಜೋಳ ಇಟ್ಟು ಬಾತುಗಳನ್ನು ತಡೆದು ನಿಲ್ಲಿಸುತ್ತಾರಂತೆ?

ದಕ್ಷಿಣದವರ ಹಳೆಯ ದೂರು ಇದು. ಅದರಲ್ಲಿ ಸ್ವಲ್ಪ ಹುರುಳಿದೆ. ಕೆಲವು ಶ್ರೀಮಂತ ಕ್ಲಬ್ಬುಗಳು ಮೆಕ್ಕೆಜೋಳ ಬೆಳೆದು, ಕೊಯ್ಯದೆ ಹಾಗೇ ಬಿಟ್ಟು, ಹೊಲಕ್ಕೆ ನೀರು ನಿಲ್ಲಿಸುತ್ತವೆ. ನೀರು ಹೆಪ್ಪುಗಟ್ಟದಂತೆ ಕಲಕುವ ಮೋಟಾರುಗಳನ್ನೂ ಇಡುತ್ತವೆ. ಕಾನೂನಿನ ವಿಚಿತ್ರ ನೋಡಿ: ಕಾಳು ತಂದು ಚೆಲ್ಲಿ ಅದರ ಮೇಲೆ ಬೇಟೆಯಾಡಿದರೆ 1935ರಿಂದಲೂ ಅಪರಾಧ. ನಿಂತ ಬೆಳೆಗೆ ನೀರು ಕಟ್ಟಿದರೆ ಅಪರಾಧವಲ್ಲ.

ಆದರೆ ಇಂಥ ಹೊಲಗಳ ಒಟ್ಟು ವಿಸ್ತೀರ್ಣ ಇಡೀ ಬಯಲಿನ ಮುಂದೆ ತೀರಾ ಚಿಕ್ಕದು. ಸ್ಥಳೀಯವಾಗಿ ಒಂದಷ್ಟು ಹಿಂಡು ತಡೆಯಬಹುದು. ಇಡೀ ವಲಸೆಯನ್ನು ಹಿಡಿದಿಡಲು ಆಗದು. ಹೆಬ್ಬಾತುಗಳ ವಿಷಯದಲ್ಲಿ ಮಾತ್ರ ಈ ಆರೋಪಕ್ಕೆ ಇತಿಹಾಸವಿದೆ. 1920ರ ದಶಕದ ಕೊನೆಯಲ್ಲಿ ಇಲಿನಾಯ್ ರಾಜ್ಯದ ದಕ್ಷಿಣ ತುದಿಯ ಹಾರ್ಸ್‌ಶೂ ಲೇಕ್‌ನಲ್ಲಿ ಕೆನಡಾ ಹೆಬ್ಬಾತುಗಳಿಗೆ ಆಶ್ರಯ ಮಾಡಿದರು. ಇನ್ನೂ ಕೆಳಗೆ ಹೋಗುತ್ತಿದ್ದ ಹಿಂಡುಗಳು ಅಲ್ಲೇ ನಿಂತವು. ಕೆಲವು ದಶಕಗಳ ನಂತರ ಅವು ವಿಸ್ಕಾನ್ಸಿನ್‌ನ ಹೊರಿಕಾನ್ ಜೌಗಿನ ಕಡೆಗೇ ನಿಲ್ಲತೊಡಗಿದಾಗ ಇಲಿನಾಯ್‌ನವರು ಅದೇ ದೂರು ಹೇಳಿದರು!

ಬಾತುಗಳು ತಡವಾಗಿ ಬಂದರೆ ಸೀಸನ್ನನ್ನೇ ಫೆಬ್ರವರಿಗೆ ತಳ್ಳಬಹುದಲ್ಲ?

ಕೇಳುವವರು ಬಹಳ. ಸಿಗುವುದಿಲ್ಲ. ಜನವರಿ 31ಕ್ಕೆ ಮುಗಿಯಬೇಕು ಎಂದು ಕೇಂದ್ರದ ಕಾನೂನೇ ಇದೆ. ಮ್ಯಾಲರ್ಡ್ ಜೋಡಿಯಾಗುವುದು ಚಳಿಗಾಲದಲ್ಲೇ. ಆಗ ಜೋಡಿಯಲ್ಲಿ ಒಂದನ್ನು ಹೊಡೆದರೆ ಮುಂದಿನ ಮರಿಗಳಿಗೇ ಪೆಟ್ಟು. ಈ ಒಂದು ವಿಷಯದಲ್ಲಿ ಬೇಟೆಗಾರರ ಪರ ನಾನಿಲ್ಲ.

ಬೇರೆ ಹಕ್ಕಿಗಳ ಕಥೆಯೂ ಹೀಗೆಯೇ?

ಒಂದೊಂದರದು ಒಂದೊಂದು. ಬಿಳಿ ಹಣೆಯ ಹೆಬ್ಬಾತುಗಳು ಲೂಸಿಯಾನಾ, ಟೆಕ್ಸಾಸ್ ಕರಾವಳಿ ಬಿಟ್ಟು ಅರ್ಕಾನ್ಸಾಸಿನ ಗದ್ದೆಗಳಿಗೆ ಸರಿದಿವೆ. ಹಿಮ ಹೆಬ್ಬಾತುಗಳು ಹೊಲದ ಕಾಳು ತಿಂದು ಎಷ್ಟು ಹೆಚ್ಚಿದವೆಂದರೆ, ಆರ್ಕ್ಟಿಕ್‌ನ ತಮ್ಮ ಹುಲ್ಲುನೆಲವನ್ನೇ ಕಿತ್ತು ಹಾಳುಮಾಡತೊಡಗಿದವು. 1999ರಲ್ಲಿ ಸರ್ಕಾರವೇ ಮಿತಿ ಸಡಿಲಿಸಿ, ವಸಂತದಲ್ಲೂ ಹೊಡೆಯಿರಿ ಅಂದಿತು. ಹೊಡೆಯುವವರೇ ಸಾಕಷ್ಟಿಲ್ಲ! ಯುರೋಪಿನಲ್ಲಿ ಬೆವಿಕ್ ಹಂಸ ರಷ್ಯಾದ ಟಂಡ್ರಾದಿಂದ ಇಂಗ್ಲೆಂಡಿನ ಸ್ಲಿಂಬ್ರಿಜ್‌ಗೆ ಬರುತ್ತಿತ್ತು. ಈಗ ಬರುವವು ಬಹಳ ಕಡಿಮೆ, ಹೆಚ್ಚಿನವು ಜರ್ಮನಿಯಲ್ಲೇ ಚಳಿಗಾಲ ಕಳೆಯುತ್ತವೆ. ಅಲ್ಲಿ ಬೆವಿಕ್ ಹಂಸದ ಬೇಟೆಗೆ ಕಾನೂನಿನ ಅವಕಾಶವೇ ಇಲ್ಲ ಎಂಬುದನ್ನು ಗಮನಿಸಿ. ಬೇಟೆಗೂ ವಲಸೆಯ ಬದಲಾವಣೆಗೂ ನೇರ ಗಂಟು ಹಾಕುವವರಿಗೆ ನಾನು ಕೊಡುವ ಉದಾಹರಣೆ ಇದೇ.

ಸೀಸದ ಚರೆಯಿಂದ ಹಕ್ಕಿಗಳು ಸಾಯುತ್ತವಂತೆ?

ಸಾಯುತ್ತಿದ್ದವು. ಬಾತುಗಳು ಕಾಳು ಅರೆಯಲು ಸಣ್ಣ ಕಲ್ಲು ನುಂಗುತ್ತವೆ. ಕೆಸರಿನಲ್ಲಿ ಬಿದ್ದ ಚರೆಯನ್ನೂ ಹಾಗೇ ನುಂಗುತ್ತಿದ್ದವು. ಅಂಥ ಬಾತುಗಳನ್ನು ತಿಂದ ಬೋಳು ಹದ್ದುಗಳಿಗೂ ವಿಷ ಏರುತ್ತಿತ್ತು. 1991ರಿಂದ ಅಮೆರಿಕದಲ್ಲಿ ನೀರುಹಕ್ಕಿ ಬೇಟೆಗೆ ಸೀಸದ ಚರೆ ಪೂರ್ತಿ ನಿಷೇಧ. ಈಗ ಹೆಚ್ಚಾಗಿ ಉಕ್ಕಿನ ಚರೆ.

ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಬಾತುಗಳನ್ನು ಎಲ್ಲಿ ನೋಡಬಹುದು?

ಬೇ ಏರಿಯಾದವರು ಡಿಸೆಂಬರಿನಲ್ಲಿ ಉತ್ತರಕ್ಕೆ, ಸ್ಯಾಕ್ರಮೆಂಟೋ ಕಣಿವೆಗೆ ಹೋಗಿ. ವಿಲ್ಲೋಸ್ ಊರಿನ ಹತ್ತಿರ ಸ್ಯಾಕ್ರಮೆಂಟೋ ರಾಷ್ಟ್ರೀಯ ವನ್ಯಜೀವಿ ರೆಫ್ಯೂಜ್ ಇದೆ. ಕಾರಿನಲ್ಲೇ ಕೂತು ಸುತ್ತಬಹುದು, ಮಕ್ಕಳಿಗೂ ಅನುಕೂಲ. ರೆಫ್ಯೂಜಿನ ಒಂದು ಭಾಗದಲ್ಲಿ ಬೇಟೆಗೂ ಅವಕಾಶವಿದೆ. ಈಡಿನ ಸದ್ದು ಕೇಳಿದರೆ ಗಾಬರಿ ಬೀಳಬೇಡಿ.

ಅಲ್ಲಿನ ಗದ್ದೆಗಳ ಕಥೆ ಚೆನ್ನಾಗಿದೆ. ಮೊದಲು ಕೊಯ್ಲಾದ ಮೇಲೆ ರೈತರು ಹುಲ್ಲಿಗೆ ಬೆಂಕಿ ಹಾಕುತ್ತಿದ್ದರು. ಹೊಗೆಯ ಕಾಟಕ್ಕೆ 1991ರಲ್ಲಿ ರಾಜ್ಯ ಸರ್ಕಾರ ಅದನ್ನು ಹಂತಹಂತವಾಗಿ ತಗ್ಗಿಸುವ ಕಾನೂನು ತಂದಿತು. ಕೂಳೆ ಕೊಳೆಯಲೆಂದು ರೈತರು ಚಳಿಗಾಲದಲ್ಲಿ ಗದ್ದೆಗೆ ನೀರು ಕಟ್ಟಿದರು. ಲಕ್ಷಾಂತರ ಬಾತುಗಳಿಗೆ ಅದೇ ಜೌಗಾಯಿತು. ಹಕ್ಕಿಗಾಗಿ ಮಾಡದ ಕಾನೂನು ಹಕ್ಕಿಗೆ ಇಷ್ಟು ಒಳ್ಳೆಯದು ಮಾಡಿದ್ದು ಅಪರೂಪ. ಬರಗಾಲದ ವರ್ಷ ಗದ್ದೆಗೆ ನೀರು ಸಿಗದಿದ್ದರೆ ಈ ಜೌಗೂ ಇರುವುದಿಲ್ಲ.

ಭಾರತದಲ್ಲಿ ಬಾತು ಬೇಟೆಗೆ ಅವಕಾಶವಿದೆಯಾ? ಕೊಡಗಿನವರಿಗೆ ಕೋವಿ ವಿನಾಯಿತಿ ಇದೆಯಲ್ಲ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಆಮೇಲೆ 1991ರ ತಿದ್ದುಪಡಿ, ಎರಡೂ ಸೇರಿ ಹವ್ಯಾಸದ ಬೇಟೆಯನ್ನು ಮುಚ್ಚಿದವು. ಕೊಡಗಿನ ವಿನಾಯಿತಿ ಕೋವಿ ಇಟ್ಟುಕೊಳ್ಳುವ ಲೈಸೆನ್ಸಿಗೆ ಸಂಬಂಧಿಸಿದ್ದು, ಬೇಟೆಗೆ ಅಲ್ಲ.

ಹಿಂದೆ ನಮ್ಮಲ್ಲೂ ಕಡಿಮೆ ಇರಲಿಲ್ಲ. ರಾಜಸ್ಥಾನದ ಭರತಪುರದಲ್ಲಿ 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನ 4,273 ಹಕ್ಕಿ ಹೊಡೆದರು. ಕಲ್ಲಿನ ಫಲಕದಲ್ಲಿ ಕೆತ್ತಿ ಇಟ್ಟಿದ್ದಾರೆ, ಈಗಲೂ ಓದಬಹುದು. ಆ ಬೇಟೆಯ ಜೌಗೇ ಇಂದಿನ ಕೇವಲಾದೇವ್ ರಾಷ್ಟ್ರೀಯ ಉದ್ಯಾನ. ನಮ್ಮಲ್ಲಿ ಬೇಟೆ ನಿಂತಿದೆ. ಆದರೆ ಕೆರೆ ಒತ್ತುವರಿ, ಕೊಳಚೆ ನೀರು, ಕದ್ದು ಹಾಕುವ ಬಲೆ ನಿಂತಿಲ್ಲ. ಕೆರೆಗೆ ದುಡ್ಡು ಕೊಡುವ ಬಾತುಪ್ರಿಯರ ಪಡೆಯಂತೂ ನಮ್ಮಲ್ಲಿ ಹುಟ್ಟಲೇ ಇಲ್ಲ.

ಕರ್ನಾಟಕಕ್ಕೆ ಬರುವ ಬಾತುಗಳು ಎಲ್ಲಿಯವು?

ಅಮೆರಿಕದ ದಾರಿಗೂ ಇದಕ್ಕೂ ಸಂಬಂಧವಿಲ್ಲ. ನಮ್ಮದು ಮಧ್ಯ ಏಷ್ಯಾದ ಹಾರುದಾರಿ. ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು ಉತ್ತರ ಏಷ್ಯಾದಿಂದ ಬರುತ್ತವೆ. ಪಟ್ಟೆತಲೆ ಹೆಬ್ಬಾತು ಮಂಗೋಲಿಯಾ, ಟಿಬೆಟ್ ಕಡೆಯದು. ಹಿಮಾಲಯ ದಾಟುವಾಗ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ನವೆಂಬರ್ ಹೊತ್ತಿಗೆ ಬಂದು, ಸುತ್ತಲ ಹೊಲಗಳಲ್ಲಿ ಮೇದು, ಬೇಸಿಗೆ ಶುರುವಾಗುವಾಗ ಹೊರಡುತ್ತವೆ. ಈ ಕೆರೆಗೆ 2024ರಲ್ಲಿ ರಾಮ್ಸಾರ್ ಪಟ್ಟ, ಅಂದರೆ ಜಾಗತಿಕ ಮಹತ್ವದ ಜೌಗು ಎಂಬ ಮಾನ್ಯತೆ ಸಿಕ್ಕಿತು. ಮೈಸೂರು ಕಡೆಯವರಿಗೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ ಹತ್ತಿರ.

ಈ ಹೆಬ್ಬಾತುಗಳಲ್ಲೂ ಹಿಮಾಲಯ ದಾಟದೆ ಲಾಸಾ ಸುತ್ತಲ ಕಣಿವೆಗಳಲ್ಲೇ ಚಳಿಗಾಲ ಕಳೆಯುವ ಸಾವಿರಾರು ಇವೆ. ಅಲ್ಲಿ ಬಾರ್ಲಿ, ಗೋಧಿ ಹೊಲಗಳಲ್ಲಿ ಉದುರಿದ ಕಾಳಿದೆ. ಮಿಸೌರಿಯ ಮ್ಯಾಲರ್ಡ್ ಲೆಕ್ಕಾಚಾರವೇ ಇದು.

ಕಾಲಿಗೆ ಉಂಗುರವಿರುವ ಬಾತು ಕಂಡರೆ ಏನು ಮಾಡಬೇಕು?

ಹಕ್ಕಿಯನ್ನು ಹಿಡಿಯಲು ಹೋಗಬೇಡಿ. ಉಂಗುರದ ಅಕ್ಷರ, ಅಂಕಿ, ಬಣ್ಣ, ಯಾವ ಕಾಲು, ದಿನಾಂಕ, ಜಾಗ ಬರೆದುಕೊಳ್ಳಿ. ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಕೆಲವು ಹೆಬ್ಬಾತುಗಳಿಗೆ ಕುತ್ತಿಗೆಯಲ್ಲಿ ಬಣ್ಣದ ಪಟ್ಟಿ ಇರುತ್ತದೆ, ದೂರದಿಂದಲೇ ಓದಬಹುದು. ಭಾರತದಲ್ಲಿ ಕಂಡರೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. ಅಮೆರಿಕದಲ್ಲಾದರೆ ಮೇರಿಲ್ಯಾಂಡ್‌ನಲ್ಲಿರುವ ಬರ್ಡ್ ಬ್ಯಾಂಡಿಂಗ್ ಲ್ಯಾಬೊರೇಟರಿಯ ವೆಬ್‌ಸೈಟಿನಲ್ಲಿ ತುಂಬಿದರೆ ಸಾಕು. ಹಕ್ಕಿಗೆ ಎಲ್ಲಿ, ಯಾವಾಗ ಉಂಗುರ ಹಾಕಿದರು ಎಂದು ನಿಮಗೂ ತಿಳಿಸುತ್ತಾರೆ. ಬಾತುಗಳ ಉಂಗುರದ ಮಾಹಿತಿ ಹೆಚ್ಚಾಗಿ ಬರುತ್ತಿದ್ದದ್ದು ಹೊಡೆದ ಬೇಟೆಗಾರರಿಂದಲೇ. ಅವರು ಕಡಿಮೆಯಾದಂತೆ ಅದೂ ಕಡಿಮೆಯಾಗುತ್ತದೆ. ಹಾಗಾಗಿ ದುರ್ಬೀನಿನವರ ಒಂದೊಂದು ವರದಿಯೂ ಈಗ ಜಾಸ್ತಿ ಬೆಲೆಯದು.